ಕಾಯಿಲ್ ಎಷ್ಟು ದೂರ ಓಡುತ್ತದೆ?

ಗಣೇಶ ಹಬ್ಬ ಮುಗಿದ ವಾರ ಗದಗಿನ ನನ್ನ ರಿಪೇರಿ ಅಂಗಡಿಯಲ್ಲಿ ಕೆಟ್ಟ ಸ್ಪೀಕರ್‌ಗಳ ರಾಶಿ ಬೀಳುತ್ತದೆ. ಬೇಸ್, ಅಂದರೆ ತಗ್ಗಿನ ಧ್ವನಿ, ನುಡಿಸುವ ಸಬ್‌ವೂಫರ್ ಸ್ಪೀಕರ್ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಇವುಗಳನ್ನು ಬಿಚ್ಚಿ ನೋಡಿಯೇ. ಗಾಳಿ ತಳ್ಳುವ ಕೋನ್ ಕತ್ತರಿಸಿ, ಅದನ್ನು ಓಡಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಹೊರತೆಗೆದರೆ ಸ್ಪೀಕರ್ ಕೆಟ್ಟ ಕಾರಣ ಅದರ ಮೇಲೆಯೇ ಕಾಣುತ್ತದೆ. ತಂತಿ ಕಪ್ಪಾಗಿ, ಅಂಟು ಸುಟ್ಟ ವಾಸನೆ ಹೊಡೆದರೆ ಶಾಖದ ಕೆಲಸ. ತಂತಿ ಹೊಳೆಯುತ್ತಲೇ ಇದ್ದು, ಅದನ್ನು ಸುತ್ತಿದ ಕೊಳವೆಯ ಅಂಚು ಮಾತ್ರ ಜಜ್ಜಿಹೋಗಿದ್ದರೆ, ಕಾಯಿಲ್ ಮಿತಿ ಮೀರಿ ಓಡಿ ಹಿಂದಿನ ಕಬ್ಬಿಣದ ತಟ್ಟೆಗೆ ಬಡಿದಿದೆ ಎಂದೇ ಅರ್ಥ.

ಈ ಎರಡನೆಯದೇ ನನ್ನ ಕಣ್ಣು ತೆರೆಸಿತು. ಮೇಲೆ 500 ವಾಟ್ ಎಂದು ಬರೆದಿದೆ, ಸುಟ್ಟಿಲ್ಲ, ಆದರೂ ಕೆಟ್ಟಿದೆ. ಪೋರ್ಟ್, ಅಂದರೆ ಗಾಳಿಯಾಡುವ ಕೊಳವೆ, ಇರುವ ಬಾಕ್ಸ್‌ಗಳಲ್ಲಿ ಇದನ್ನು ಹೆಚ್ಚು ಕಂಡಿದ್ದೇನೆ. ಪೋರ್ಟ್ ಹೊಂದಿಸಿದ ಆವರ್ತನಕ್ಕಿಂತ ಕೆಳಗಿನ ಧ್ವನಿ ಬಂದಾಗ ಒಳಗಿನ ಗಾಳಿ ಕೋನನ್ನು ಹಿಡಿದಿಡುವುದಿಲ್ಲ. ಅದು ಲಂಗುಲಗಾಮಿಲ್ಲದೆ ಓಡುತ್ತದೆ. ಆ ಧ್ವನಿಯನ್ನು ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ ಫಿಲ್ಟರ್ ಹಾಕಿ ತಡೆಯಬೇಕು.

ಬಂದವರೆಲ್ಲ ಕೇಳುವುದು ಇಂಚು ಮತ್ತು ವಾಟ್. ನಾನು ಅಳೆಯುವುದು ಕಾಯಿಲ್‌ನ ಎತ್ತರ ಮತ್ತು ಅದು ಆಡುವ ಮ್ಯಾಗ್ನೆಟ್ ಸಂದಿನ ಎತ್ತರ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಅರ್ಧ ಮಾಡಿದರೆ ಕೋನ್ ಒಂದು ದಿಕ್ಕಿಗೆ ಶುದ್ಧವಾಗಿ ಚಲಿಸಬಲ್ಲ ದೂರ ಸಿಗುತ್ತದೆ. ನನ್ನ ಮೇಜಿನ ಮೇಲಿದ್ದ 12 ಇಂಚಿನ ಸ್ಪೀಕರ್‌ನಲ್ಲಿ ಕಾಯಿಲ್ 20 ಮಿಲಿಮೀಟರ್, ಸಂದು 8. ಅಂದರೆ ಓಟ 6. ಪಕ್ಕದ 10 ಇಂಚಿನದರಲ್ಲಿ ಕಾಯಿಲ್ 32, ಸಂದು 8, ಓಟ 12. ದೊಡ್ಡದರ ಕೋನ್ ಸುಮಾರು 500 ಚದರ ಸೆಂಟಿಮೀಟರ್, ಚಿಕ್ಕದರದು 340. ಗುಣಿಸಿದರೆ ದೊಡ್ಡದು ತಳ್ಳುವ ಗಾಳಿ 300 ಘನ ಸೆಂಟಿಮೀಟರ್, ಚಿಕ್ಕದು ತಳ್ಳುವುದು 408. ಬೇಸ್ ಎಂದರೆ ತಳ್ಳಿದ ಗಾಳಿ. ಮುಚ್ಚಿದ ಬಾಕ್ಸ್‌ನಲ್ಲಿ 80 ಹರ್ಟ್ಸ್‌ಗೆ ಕೋನ್ 3 ಮಿಲಿಮೀಟರ್ ಚಲಿಸಿದರೆ, ಅಷ್ಟೇ ಜೋರಿನ 40 ಹರ್ಟ್ಸ್‌ಗೆ ನಾಲ್ಕು ಪಟ್ಟು, ಅಂದರೆ 12 ಮಿಲಿಮೀಟರ್ ಬೇಕು. ಅಲ್ಲಿಗೆ 12 ಇಂಚಿನದು ಎಂದೋ ಸೋತಿರುತ್ತದೆ.

ವಾಟ್‌ನದು ಬೇರೆ ಕಥೆ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ಅದರ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಸುಮಾರು ಶೇ 39ರಷ್ಟು ಏರುತ್ತದೆ. ತಣ್ಣಗಿದ್ದಾಗ 6 ಓಮ್ ಇದ್ದ ಕಾಯಿಲ್ ಬಿಸಿಯಲ್ಲಿ 8 ದಾಟುತ್ತದೆ, ಧ್ವನಿ ಕುಗ್ಗುತ್ತದೆ, ನುಡಿಸುವವರು ಇನ್ನಷ್ಟು ಜೋರು ಮಾಡುತ್ತಾರೆ.

ಆ 10 ಇಂಚಿನದನ್ನು ಒಬ್ಬ ಗ್ರಾಹಕರ ಕಾರಿಗೆ ಕೂರಿಸಿದೆ. 'ಅಣ್ಣಾ, ಡಿಕ್ಕಿಯಲ್ಲಿ ಜಾಗ ಉಳಿಯಬೇಕು' ಎಂದರು. ಸ್ಪೀಕರ್ ತಾನೇ ಆಕ್ರಮಿಸುವ ಜಾಗ ಕಳೆದು ಒಳಗೆ 8 ಲೀಟರ್ ಗಾಳಿ ಉಳಿಯುವ ಚಪ್ಪಟೆ ಬಾಕ್ಸ್ ಮಾಡಿದೆ. ಅದು ನನ್ನ ತಪ್ಪು. ಎಂಜಿನಿಯರ್‌ಗಳಾದ ನೆವಿಲ್ ಥೀಲ್ 1961ರಲ್ಲೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲೂ ಬಾಕ್ಸಿನ ಲೆಕ್ಕವನ್ನು ತಿಳಿಯಾಗಿ ಕೊಟ್ಟಿದ್ದಾರೆ. ನಾನು ಅದನ್ನು ಹಾಕಿದ್ದು ಮರ ಕೊಯ್ದ ಮೇಲೆ. ಸ್ಪೀಕರ್‌ನ ಸ್ವಂತ ಅನುರಣನ, ಅಂದರೆ ಅದು ತಾನಾಗಿ ಕಂಪಿಸುವ ಆವರ್ತನ, 28 ಹರ್ಟ್ಸ್; ಆ ಕಂಪನ ಎಷ್ಟು ಉಬ್ಬಿ ಉಳಿಯುತ್ತದೆ ಎಂದು ಹೇಳುವ ಕ್ಯೂ ಅಂಕ 0.45; ಅದರ ಸ್ಪ್ರಿಂಗ್‌ಗುಣಕ್ಕೆ ಸಮನಾದ ಗಾಳಿ 40 ಲೀಟರ್. 8 ಲೀಟರ್‌ನಲ್ಲಿ ಅನುರಣನ 69ಕ್ಕೆ ಜಿಗಿದು, ಕ್ಯೂ 1.1 ಆಗಿತ್ತು.

ವೀರೇಶ್ವರ ಪುಣ್ಯಾಶ್ರಮದ ಊರಿನಲ್ಲಿ ಬೆಳೆದ ನನಗೆ ಬೇಸ್ ಪರೀಕ್ಷಿಸಲು ತಬಲಾ ಜೋಡಿಯ ಎಡಗಡೆಯ ಡಗ್ಗಾಕ್ಕಿಂತ ಒಳ್ಳೆಯ ವಾದ್ಯ ಗೊತ್ತಿಲ್ಲ. ಮಣಿಕಟ್ಟಿನಿಂದ ಒತ್ತಿ ಜಾರಿಸಿದ ನಾದ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆಯಾಗಿ ಬರಬೇಕು. ಆ ಬಾಕ್ಸ್‌ನಲ್ಲಿ ದಾರಿಯ ನಡುವೆ ಒಂದು ಕಡೆ ನಾದ ಉಬ್ಬಿ ಗುಂಯ್‌ಗುಟ್ಟುತ್ತಿತ್ತು. ಡೊಳ್ಳಿನ ಪೆಟ್ಟುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಒಳಗಡೆ 30, 30, 32 ಸೆಂಟಿಮೀಟರ್ ಅಳತೆಯ ಹೊಸ ಬಾಕ್ಸ್ ಕಟ್ಟಿದೆ. ಸ್ಪೀಕರ್‌ನ ಜಾಗ ಕಳೆದರೆ ಸುಮಾರು 27 ಲೀಟರ್. ಅನುರಣನ 44 ಹರ್ಟ್ಸ್‌ಗೆ ಇಳಿಯಿತು, ಕ್ಯೂ 0.71ಕ್ಕೆ ಬಂತು. 18 ಮಿಲಿಮೀಟರ್ ಪ್ಲೈವುಡ್, ಒಳಗೆ ಅಡ್ಡಪಟ್ಟಿ, ಸಂದುಗಳಿಗೆಲ್ಲ ಅಂಟು. ಮೊದಲು ಡಗ್ಗಾ ಹಾಕಿದೆ. ನಾದ ಎಲ್ಲಿಯೂ ಎಡವದೆ ಜಾರಿತು. ಡಿಕ್ಕಿಯ ಜಾಗ ಹೋಯಿತೆಂದು ಗ್ರಾಹಕರು ಬೇಸರಿಸುತ್ತಾರೆಂದುಕೊಂಡಿದ್ದೆ. ಅವರು ಅದೇ ಧ್ವನಿಮುದ್ರಣವನ್ನು ಮತ್ತೆರಡು ಸಲ ಹಾಕಿಸಿ ಕೇಳಿ, ಸ್ಟೆಪ್ನಿಯ ಪಕ್ಕ ಬಾಕ್ಸನ್ನು ತಾವೇ ಬಿಗಿದುಕೊಂಡು ಹೋದರು.