ಸಸ್ಪೆನ್ಷನ್‌ಗೆ ರಾಡ್ ಎಂಡ್: ಆಯ್ಕೆ, ಜೋಡಣೆ, ತಪಾಸಣೆ

ಫಾರ್ಮುಲಾ ಭಾರತ್, ಬಾಹಾದಂಥ ಸ್ಪರ್ಧೆಗಳಿಗೆ ಗಾಡಿ ಕಟ್ಟುವ ಎಂಜಿನಿಯರಿಂಗ್ ಕಾಲೇಜು ತಂಡಗಳು ಎ-ಆರ್ಮ್ (ಚಕ್ರವನ್ನು ಚಾಸಿಸ್‌ಗೆ ಜೋಡಿಸುವ ಎರಡು ಕಾಲಿನ ತೋಳು), ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು), ಪುಶ್ ರಾಡ್ (ಆರ್ಮ್‌ನಿಂದ ಸ್ಪ್ರಿಂಗ್‌ಗೆ ಬಲ ಒಯ್ಯುವ ಸರಳು) ಎಲ್ಲಕ್ಕೂ ರಾಡ್ ಎಂಡ್ ಹಾಕುತ್ತವೆ. ಅದರ ತಲೆಯೊಳಗೆ ಬೋಲ್ಟ್‌ಗೆ ತೂತಿರುವ, ಹೊರಳುವ ಗುಂಡು ಇರುತ್ತದೆ; ತಲೆಯಿಂದ ಹೊರಟ, ಥ್ರೆಡ್ ಇರುವ ಕಡ್ಡಿಯೇ ಶ್ಯಾಂಕ್. ಉದ್ದ ಹೊಂದಿಸಬಹುದು, ಪ್ಲೇ (ಸಡಿಲ ಅಲುಗಾಟ) ಇರುವುದಿಲ್ಲ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಈ ಭಾಗಕ್ಕೆ ಚೆನ್ನಾಗಿ ಬರುವ ಕೆಲಸ ಒಂದೇ: ಶ್ಯಾಂಕ್‌ನ ನೇರಕ್ಕೆ ಬರುವ ಎಳೆತ ಮತ್ತು ತಳ್ಳಿಕೆಯನ್ನು ಹೊರುವುದು. ಚೆಕ್ ನಟ್‌ಗೆ (ಶ್ಯಾಂಕ್ ತಿರುಗದಂತೆ ಬಿಗಿಯುವ ನಟ್) ತಾಗಿದ ಮೊದಲ ಥ್ರೆಡ್‌ನಲ್ಲಿ ಅದು ತುಂಡಾಗಿದ್ದರೆ, ಅಡ್ಡ ಬಲ ಬಿದ್ದಿದೆ ಎಂದೇ ಮೊದಲು ಅನುಮಾನಿಸಬೇಕು.

ಎಂ12 ಕೋರ್ಸ್ ಥ್ರೆಡ್‌ನ ಬುಡದ ವ್ಯಾಸ ಸುಮಾರು 9.85 ಮಿ.ಮೀ. 2000 ನ್ಯೂಟನ್ ಬಲ ನೇರವಾಗಿ ಎಳೆದರೆ ಅಲ್ಲಿನ ಸ್ಟ್ರೆಸ್ ಸುಮಾರು 26 ಮೆಗಾಪ್ಯಾಸ್ಕಲ್. ಅದೇ ಬಲ ಅಡ್ಡಕ್ಕೆ ಬಿದ್ದು, ಗುಂಡಿನ ನಡುವಿನಿಂದ ಚೆಕ್ ನಟ್‌ವರೆಗೆ 40 ಮಿ.ಮೀ. ಅಂತರವಿದ್ದರೆ ಸುಮಾರು 850 ಮೆಗಾಪ್ಯಾಸ್ಕಲ್. ಮೂವತ್ತು ಪಟ್ಟಿಗೂ ಹೆಚ್ಚು. ಥ್ರೆಡ್‌ನ ಚೂಪು ಮೂಲೆಯಲ್ಲಿ ಸ್ಟ್ರೆಸ್ ಇನ್ನಷ್ಟು ಏರುವುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಸಾಧಾರಣ ಕಾರ್ಬನ್ ಸ್ಟೀಲ್ ಇಲ್ಲಿ ಬಾಗುತ್ತದೆ. ಕ್ರೋಮ್-ಮಾಲಿ (ಹೆಚ್ಚು ಗಟ್ಟಿಯಾದ ಮಿಶ್ರ ಉಕ್ಕು) ಮೊದಲ ದಿನ ತಡೆದರೂ ಪದೇ ಪದೇ ಲೋಡ್ ಬಿದ್ದು ಸೀಳು ಬಿಡುತ್ತದೆ. ಹಾಗಾಗಿ ದೊಡ್ಡ ಸೈಜ್ ಹುಡುಕುವ ಮೊದಲು ಲೋಡ್ ಬರುವ ದಿಕ್ಕನ್ನು ಸರಿಪಡಿಸಿ.

ಅಡ್ಡ ಬಲ ಬರುವುದು ಸಾಮಾನ್ಯವಾಗಿ ಎರಡು ಕಡೆಯಿಂದ. ಎ-ಆರ್ಮ್‌ನ ಹೊರತುದಿಯಲ್ಲಿ, ಅಂದರೆ ಚಕ್ರದ ಕಡೆ, ಒಂದೇ ರಾಡ್ ಎಂಡ್ ಹಾಕಿದರೆ ಬ್ರೇಕ್ ಹಿಡಿದಾಗಲೆಲ್ಲ ಆ ಶ್ಯಾಂಕ್ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ. ಅಲ್ಲಿ ಬೇಕಾದದ್ದು ಶ್ಯಾಂಕ್ ಇಲ್ಲದ ಸ್ಫೆರಿಕಲ್ ಬೇರಿಂಗ್: ಲೇತ್‌ನಲ್ಲಿ ಮಾಡಿದ ಕಪ್ಪನ್ನು ಆರ್ಮ್‌ಗೆ ವೆಲ್ಡ್ ಮಾಡಿ, ವೆಲ್ಡಿಂಗ್ ಆದ ಮೇಲೆ ಒಳವ್ಯಾಸವನ್ನು ಅಂತಿಮ ಅಳತೆಗೆ ತಂದು, ಬೇರಿಂಗ್ ಒತ್ತಿ, ಸರ್ಕ್ಲಿಪ್ ಹಾಕಬೇಕು. ಒತ್ತುವಾಗ ಬಲ ಹೊರ ರಿಂಗ್‌ನ ಮೇಲೆ ಮಾತ್ರ ಬೀಳಲಿ, ಗುಂಡಿನ ಮೇಲೆ ಬೇಡ. ಎರಡನೆಯದು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅಥವಾ ಪುಶ್ ರಾಡನ್ನು ಆರ್ಮ್‌ನ ನಡುವೆ ಕೂರಿಸುವುದು. ಆಗ ಪೈಪ್ ಬಾಗುತ್ತದೆ, ಪೈಪ್ ಜೊತೆ ರಾಡ್ ಎಂಡ್‌ಗೂ ಲೋಡ್ ಬರುತ್ತದೆ. ಅದನ್ನು ಹೊರ ಬೇರಿಂಗ್‌ಗೆ ಆದಷ್ಟು ಹತ್ತಿರ ತನ್ನಿ. ವಿನ್ಯಾಸದ ತೀರ್ಪುಗಾರರು ಗಾಡಿಯ ಮುಂದೆ ಕುಳಿತು ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು.

ಈಗ ಸೈಜ್. ಚಾಲಕನೂ ಸೇರಿ 300 ಕಿಲೋ ತೂಗುವ ಗಾಡಿ, 1.5 ಜಿ (ಗುರುತ್ವದ ಒಂದೂವರೆ ಪಟ್ಟು) ಬ್ರೇಕಿಂಗ್, ಮುಂದಿನ ಚಕ್ರಗಳ ಮೇಲೆ 70% ಭಾರ ಎಂದುಕೊಳ್ಳೋಣ. ಪ್ರತಿ ಮುಂದಿನ ಟೈರ್‌ಗೆ ಸುಮಾರು 1545 ನ್ಯೂಟನ್ ಬರುತ್ತದೆ. ಇಷ್ಟನ್ನೇ ಲೆಕ್ಕಕ್ಕೆ ಹಿಡಿದು ಸೈಜ್ ಆರಿಸಿದರೆ ಮೋಸಹೋಗುತ್ತೀರಿ. ಬ್ರೇಕ್ ಚಕ್ರದಲ್ಲೇ ಇದ್ದು, ಕೆಳಗಿನ ಜಾಯಿಂಟ್ ನೆಲದಿಂದ 130, ಮೇಲಿನದು 380 ಮಿ.ಮೀ. ಎತ್ತರದಲ್ಲಿದ್ದರೆ, ಕೆಳಗಿನ ಜಾಯಿಂಟ್‌ಗೆ ಬರುವುದು 1545 × 380 ÷ 250, ಅಂದರೆ ಸುಮಾರು 2350 ನ್ಯೂಟನ್. ಟೈರ್ ಕೊಟ್ಟದ್ದಕ್ಕಿಂತ ಹೆಚ್ಚು. ಆರ್ಮ್ 350 ಮಿ.ಮೀ. ಉದ್ದ, ಚಾಸಿಸ್ ಕಡೆಯ ಎರಡು ಕಾಲುಗಳ ನಡುವೆ 250 ಮಿ.ಮೀ. ಇದ್ದರೆ ಪ್ರತಿ ಕಾಲಿನಲ್ಲಿ ಸುಮಾರು 3500 ನ್ಯೂಟನ್. ನೆಲದ ಗುಂಡಿ, ಕರ್ಬ್, ತಿರುವಿನಲ್ಲಿ ಬ್ರೇಕ್ ಇವೆಲ್ಲಕ್ಕೂ ಸೇರಿಸಿ ಮೂರು ಪಟ್ಟು ಹಿಡಿಯಿರಿ: 10.5 ಕಿಲೋನ್ಯೂಟನ್. ಕ್ಯಾಟಲಾಗ್‌ನ ಸ್ಟ್ಯಾಟಿಕ್ ರೇಡಿಯಲ್ ಲೋಡ್ (ಶ್ಯಾಂಕ್‌ನ ನೇರಕ್ಕೆ ತಡೆಯುವ ಬಲದ ಮಿತಿ) ಇದಕ್ಕಿಂತ ಹೆಚ್ಚಿರಲಿ. ಸೈಜ್ ಒಂದೇ ಇದ್ದರೂ ತಯಾರಕರಿಂದ ತಯಾರಕರಿಗೆ ಈ ಅಂಕಿ ಬಹಳ ಬದಲಾಗುತ್ತದೆ. ಡೇಟಾ ಶೀಟ್ ಇಲ್ಲದ ಮಾಲನ್ನು ಸ್ಟೀರಿಂಗ್‌ಗೆ, ಸಸ್ಪೆನ್ಷನ್‌ಗೆ ಹಾಕಲೇಬೇಡಿ.

ಲೋಡ್‌ಗಿಂತ ಹೆಚ್ಚಾಗಿ ಮರೆತುಹೋಗುವುದು ಕೋನ. 10 ಮತ್ತು 12 ಮಿ.ಮೀ. ಸೈಜ್‌ನ ಸಾಮಾನ್ಯ ರಾಡ್ ಎಂಡ್ ಪ್ರತಿ ಬದಿಗೆ ವಾಲುವುದು ಸುಮಾರು 13 ಡಿಗ್ರಿ. ಈಗಷ್ಟೇ ಲೆಕ್ಕ ಹಾಕಿದ ಆರ್ಮ್‌ನಲ್ಲೇ ನೋಡಿ: ಕಾಲು ಓರೆಯಾಗಿರುವುದು 19.7 ಡಿಗ್ರಿ. ಬೋಲ್ಟನ್ನು ಗಾಡಿಯ ಉದ್ದಕ್ಕೆ ನೇರವಾಗಿ ಇಟ್ಟರೆ ಚಕ್ರ ಅಲುಗಾಡುವ ಮೊದಲೇ ಮಿತಿ ಮೀರಿರುತ್ತದೆ. ತಲೆಯ ಅಂಚು ಬ್ರಾಕೆಟ್‌ಗೆ ಒರಗಿ, ಶ್ಯಾಂಕ್ ಮತ್ತೆ ಬಾಗುವುದಕ್ಕೆ ಶುರುವಾಗುತ್ತದೆ. ಬ್ರಾಕೆಟನ್ನೇ ತಿರುಗಿಸಿ, ಬೋಲ್ಟ್ ಕಾಲಿಗೆ ಲಂಬವಾಗಿರುವಂತೆ ಮಾಡಿ. ಆಗ ಚಕ್ರ 75 ಮಿ.ಮೀ. ಮೇಲೆದ್ದರೂ ಆರ್ಮ್ ತಿರುಗುವುದು ಸುಮಾರು 12.4 ಡಿಗ್ರಿ, ಗುಂಡು ವಾಲುವುದು ಬರೀ 4 ಡಿಗ್ರಿಯಷ್ಟು. ಇನ್ನೂ ಹೆಚ್ಚು ಕೋನ ಬೇಕಾದ ಕಡೆ ಕೋನ್ ಸ್ಪೇಸರ್ ಇವೆ: ಗುಂಡಿನ ಎರಡೂ ಬದಿಗೆ ಕೂತು ತಲೆಯನ್ನು ಬ್ರಾಕೆಟ್‌ನಿಂದ ದೂರ ಇಡುತ್ತವೆ. ಹೊಸ ಜ್ಯಾಮಿತಿ ಜೋಡಿಸಿದಾಗ ಸ್ಪ್ರಿಂಗ್ ತೆಗೆದು, ಚಕ್ರವನ್ನು ಕೆಳತುದಿಯಿಂದ ಮೇಲ್ತುದಿಯವರೆಗೆ ಕೈಯಿಂದ ಎತ್ತಿ, ಎರಡೂ ತುದಿಯಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಎಲ್ಲಾದರೂ ಲೋಹಕ್ಕೆ ಲೋಹ ತಾಗಿದರೆ ಗಾಡಿ ಓಡಿಸಬೇಡಿ.

ಅಂಗಡಿಗೆ ಹೋದಾಗ ಹೊರ ಥ್ರೆಡ್ ಬೇಕೋ ಒಳ ಥ್ರೆಡ್ ಬೇಕೋ, ಬಲ ಥ್ರೆಡ್ಡೋ ಎಡ ಥ್ರೆಡ್ಡೋ ಎಂದು ಮೊದಲೇ ಬರೆದುಕೊಂಡಿರಿ. ಪಿಒಎಸ್ ಅಥವಾ ಎಸ್‌ಎ ಎಂದರೆ ಹೊರ ಥ್ರೆಡ್, ಪಿಎಚ್‌ಎಸ್ ಅಥವಾ ಎಸ್‌ಐ ಎಂದರೆ ಒಳ ಥ್ರೆಡ್. ಜೊತೆಗೆ ಎಲ್ ಸೇರಿದರೆ ಎಡ ಥ್ರೆಡ್. ಟೈ ರಾಡ್ ಮತ್ತು ಪುಶ್ ರಾಡ್‌ಗೆ ಒಂದು ತುದಿ ಬಲ, ಇನ್ನೊಂದು ತುದಿ ಎಡ ಇಟ್ಟರೆ ಏನೂ ಬಿಚ್ಚದೆ ರಾಡ್ ತಿರುಗಿಸಿಯೇ ಉದ್ದ ಹೊಂದಿಸಬಹುದು. ಎಡ ಥ್ರೆಡ್‌ನ ಚೆಕ್ ನಟ್ ಅದೇ ದಿನ ಕೊಳ್ಳಿ. ಬಿಡಿಯಾಗಿ ಹುಡುಕುವುದು ಕಷ್ಟ. ಗುಂಡಿಗೂ ರೇಸ್‌ಗೂ (ಗುಂಡು ಕೂರುವ ರಿಂಗ್) ನಡುವೆ ಪಿಟಿಎಫ್‌ಇ ಲೈನಿಂಗ್ ಇರುವುದು ಪ್ಲೇ ಇಲ್ಲದೆ ಬರುತ್ತದೆ, ಗ್ರೀಸ್ ಬೇಡ. ಗ್ರೀಸ್ ನಿಪ್ಪಲ್ ಇರುವ, ಲೈನಿಂಗ್ ಇಲ್ಲದ ರಾಡ್ ಎಂಡ್‌ಗೆ ಗ್ರೀಸ್ ಬೇಕೇ ಬೇಕು.

ಜೋಡಿಸುವಾಗ ಈ ಕ್ರಮ ಇರಲಿ. ಪೈಪ್‌ನೊಳಗೆ ಥ್ರೆಡ್ ಬುಷ್ (ಒಳಗೆ ಥ್ರೆಡ್ ಇರುವ ಲೋಹದ ತುಂಡು) ವೆಲ್ಡ್ ಮಾಡುವಾಗ ರಾಡ್ ಎಂಡ್ ಬದಲು ಹಳೆಯ ಬೋಲ್ಟ್ ಸಿಕ್ಕಿಸಿಡಿ. ಬಿಸಿಗೆ ಲೈನಿಂಗ್ ಹಾಳಾಗುತ್ತದೆ, ವೆಲ್ಡಿಂಗ್ ಕರೆಂಟ್ ಹರಿದರೆ ಗುಂಡಿನ ಮೇಲೆ ಚುಕ್ಕೆ ಬೀಳುತ್ತದೆ. ತಣ್ಣಗಾದ ಮೇಲೆ ಥ್ರೆಡ್‌ಗೆ ಇನ್ನೊಮ್ಮೆ ಟ್ಯಾಪ್ ಹಾಯಿಸಿ. ಸ್ಟೀಲ್ ಬುಷ್‌ನಲ್ಲಿ ವ್ಯಾಸದ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟು ಥ್ರೆಡ್ ಒಳಗಿರಲಿ: ಎಂ10 ಆದರೆ 15 ಮತ್ತು 20 ಮಿ.ಮೀ. ಬುಷ್‌ನ ಪಕ್ಕದಲ್ಲಿ ಆ ಆಳಕ್ಕೆ ಸರಿಯಾಗಿ 2 ಮಿ.ಮೀ. ತೂತು ಕೊರೆದಿಟ್ಟರೆ ತಂತಿ ಚುಚ್ಚಿ ನೋಡಬಹುದು. ತಂತಿ ಥ್ರೆಡ್‌ಗೆ ತಾಗಬೇಕು, ಒಳಗೆ ಹೋಗಬಾರದು.

ಬೋಲ್ಟ್ ಕನಿಷ್ಠ 8.8 ಗ್ರೇಡ್. ಗುಂಡಿನ ತೂತಿನಲ್ಲಿ ಬೋಲ್ಟ್‌ನ ನಯವಾದ ಭಾಗ ಇರಬೇಕು, ಥ್ರೆಡ್ ಅಲ್ಲ. ಬ್ರಾಕೆಟ್‌ನ ಎರಡು ಕಿವಿಗಳ ನಡುವಿನ ಜಾಗ ಗುಂಡು ಮತ್ತು ಸ್ಪೇಸರ್‌ಗಳ ಒಟ್ಟು ಅಗಲಕ್ಕಿಂತ 0.1–0.2 ಮಿ.ಮೀ. ಮಾತ್ರ ಹೆಚ್ಚಿರಲಿ. ಹೆಚ್ಚು ಸಂದಿ ಬಿಟ್ಟು ಬೋಲ್ಟ್ ಬಿಗಿದು ಕಿವಿ ಒಳಕ್ಕೆ ಎಳೆದರೆ ವೆಲ್ಡ್ ಬುಡದಲ್ಲಿ ಸೀಳು ಬರುತ್ತದೆ. 8.8 ಬೋಲ್ಟ್‌ಗೆ ಎಂ10 ಆದರೆ ಸುಮಾರು 45, ಎಂ12 ಆದರೆ ಸುಮಾರು 80 ನ್ಯೂಟನ್-ಮೀಟರ್ ಟಾರ್ಕ್. ಬಿಗಿ ಸಾಲದಿದ್ದರೆ ಗುಂಡು ರೇಸ್‌ನಲ್ಲಿ ಹೊರಳುವ ಬದಲು ಬೋಲ್ಟ್‌ನ ಮೇಲೆ ತಿರುಗಿ ಬೋಲ್ಟನ್ನೇ ಸವೆಸುತ್ತದೆ. ನೈಲಾಕ್ ನಟ್‌ನಿಂದ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಎರಡು ಥ್ರೆಡ್ ಹೊರಗೆ ಕಾಣಲಿ. ಒಂದೇ ಕಡೆ ಆಧಾರವಿರುವ ಬೋಲ್ಟ್ ಆದರೆ ರಾಡ್ ಎಂಡ್ ತಲೆಯ ಒಳವ್ಯಾಸಕ್ಕಿಂತ ದೊಡ್ಡ ವಾಷರ್ ಕಡ್ಡಾಯ; ಗುಂಡು ಕಿತ್ತು ಬಂದರೂ ಆ ವಾಷರ್ ರಾಡನ್ನು ಹಿಡಿದಿಡುತ್ತದೆ. ಸ್ಪರ್ಧೆಯ ಟೆಕ್ನಿಕಲ್ ತಪಾಸಣೆಯಲ್ಲೂ ಇದನ್ನು ಕೇಳುತ್ತಾರೆ.

ಚೆಕ್ ನಟ್ ಬಿಗಿಯುವುದು ಕೊನೆಗೆ. ಒಂದು ಸ್ಪ್ಯಾನರ್‌ನಿಂದ ತಲೆ ಹಿಡಿದು, ಇನ್ನೊಂದರಿಂದ ನಟ್ ತಿರುಗಿಸಿ. ಬರೀ ನಟ್ ತಿರುಗಿಸಿದರೆ ತಲೆಯೂ ಜೊತೆಗೆ ತಿರುಗಿ ಬ್ರಾಕೆಟ್‌ಗೆ ಒರಗಿ ನಿಲ್ಲುತ್ತದೆ. ಬಿಗಿದ ಮೇಲೆ ರಾಡನ್ನು ಅದರ ಅಕ್ಷದ ಮೇಲೆ ಕೈಯಿಂದ ಹೊರಳಿಸಿ: ಎರಡೂ ದಿಕ್ಕಿಗೆ ಸಮ ಹೊರಳಬೇಕು. ನಟ್‌ನಿಂದ ರಾಡ್‌ವರೆಗೆ ಪೇಂಟ್ ಗೆರೆ ಎಳೆದಿಡಿ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ಪ್ರತಿ ಓಟದ ನಂತರ ಒಣ ಬಟ್ಟೆಯಿಂದ ಒರೆಸಿ. ಲೈನಿಂಗ್ ಇರುವುದಕ್ಕೆ ಎಣ್ಣೆ ಸ್ಪ್ರೇ ಮಾಡಬೇಡಿ, ಧೂಳು ಅಂಟಿ ಅದೇ ಅರದಂತೆ ಉಜ್ಜುತ್ತದೆ. ಒಬ್ಬರು ಚಕ್ರ ಅಲುಗಿಸುವಾಗ ಇನ್ನೊಬ್ಬರು ಗುಂಡು ಮತ್ತು ತಲೆಯ ಸಂದಿಯ ಮೇಲೆ ಬೆರಳಿಡಲಿ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಸಿಗುತ್ತದೆ. ಶ್ಯಾಂಕ್ ಬಾಗಿದ್ದರೆ ನೇರ ಮಾಡಬೇಡಿ, ಎಸೆಯಿರಿ. ಚಕ್ರ ಎಲ್ಲಾದರೂ ಬಲವಾಗಿ ಬಡಿದಿದ್ದರೆ ಆ ಮೂಲೆಯ ರಾಡ್ ಎಂಡ್‌ಗಳನ್ನು ಬಿಚ್ಚಿ, ಡೈ ಪೆನಿಟ್ರಂಟ್ (ಸೀಳಿಗೆ ಇಳಿದು ಅದನ್ನು ಎದ್ದು ಕಾಣಿಸುವ ಬಣ್ಣದ ದ್ರವ) ಹಾಕಿ ಮೊದಲ ಥ್ರೆಡ್‌ನಲ್ಲಿ ಸೀಳು ಹುಡುಕಿ.

ದಿನಬಳಕೆಯ ಕಾರಿಗೆ ಇವನ್ನು ಹಾಕುವ ಆಸೆ ಬೇಡ. ರಬ್ಬರ್ ಬೂಟ್ ಇಲ್ಲದ ಗುಂಡಿಗೆ ನಮ್ಮ ರಸ್ತೆಯ ಕೆಸರು, ಮಣ್ಣು ನೇರವಾಗಿ ಹೊಕ್ಕು ಬೇಗ ಸವೆಯುತ್ತದೆ, ರಸ್ತೆಯ ಸದ್ದೆಲ್ಲ ಒಳಗೆ ಕೇಳುತ್ತದೆ. ಅಲ್ಲಿ ಕಂಪನಿಯ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳೇ ಸರಿ. ಅವಕ್ಕೂ ಕೆಲವು ಮಾತು ಅನ್ವಯಿಸುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಎರಡೂ ಒಂದೇ ಕಂಬದಲ್ಲಿರುವ) ಗಾಡಿಯಲ್ಲಿ ಗಾಡಿಯ ಬಾಡಿಯ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ತೂಗಲು ಬಿಟ್ಟು ಪ್ಲೇ ನೋಡಿ. ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂತಿದ್ದರೆ ಜ್ಯಾಕ್ ಆರ್ಮ್ ಕೆಳಗೆ, ಚಕ್ರಕ್ಕೆ ಹತ್ತಿರ ಇರಬೇಕು, ಇಲ್ಲವಾದರೆ ಸ್ಪ್ರಿಂಗ್ ಬಲವೇ ಪ್ಲೇ ಮುಚ್ಚಿಬಿಡುತ್ತದೆ. ಜಾಯಿಂಟ್‌ನ ಟೇಪರ್ (ತೂತಿನಲ್ಲಿ ಬಿಗಿಯಾಗಿ ಕೂತ ಓರೆ ಪಿನ್) ಬಿಡಿಸಲು ಥ್ರೆಡ್‌ನ ತುದಿಗೆ ಹೊಡೆಯದೆ ಸ್ಟೀರಿಂಗ್ ನಕಲ್‌ನ (ಚಕ್ರದ ಹಬ್ ಹೊರುವ ಭಾಗ) ಆ ತೂತಿನ ಪಕ್ಕಕ್ಕೆ ಹೊಡೆಯಿರಿ ಅಥವಾ ಪುಲ್ಲರ್ ಬಳಸಿ. ಸ್ಪ್ಲಿಟ್ ಪಿನ್ ತೂತು ಸರಿಹೊಂದದಿದ್ದರೆ ನಟ್ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಕೊಡಬೇಕು. ಚಕ್ರ ತೂಗುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಇದು ಅಲೈನ್‌ಮೆಂಟ್ ಅಂಗಡಿಯವರೆಗೆ ಗಾಡಿ ನೇರವಾಗಿ ಹೋಗಲು ಮಾತ್ರ. ಅಲ್ಲಿ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳೆಸದೆ ಓಡಿಸಿದರೆ ಟೈರ್ ಒಂದು ಅಂಚಿನಲ್ಲೇ ತಿಂದುಹೋಗುತ್ತದೆ.