ಅಡಿಕೆ ಕೋಣೆಯ ಬಕೆಟ್‌ನಲ್ಲಿ ತಯಾರಾದ ಪಿಐವಿ ಪುಡಿ

"50 ಮೈಕ್ರಾನ್ ಪುಡಿ ಹಾಕ್ತೀರಾ? ಅದು ನೀರಿನ ಜೊತೆ ಹೋಗೋದಿಲ್ಲ, ತಳ ಸೇರುತ್ತೆ." ಇದನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಇಬ್ಬರು ಕಾಲೇಜು ಮೇಷ್ಟ್ರು ಹೇಳಿದರು, ಬೆಂಗಳೂರಿನ ಗೆಳೆಯನೂ ಹೇಳಿದ. ಈಗ ಅದೇ ಪುಡಿಯಲ್ಲಿ ಎರಡು ಮಳೆಗಾಲ ಕೆಲಸ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪಿಐವಿ ಅಂದರೆ ನೀರಿಗೆ ಸಣ್ಣ ಕಣ ಬೆರೆಸಿ, ಲೇಸರ್ ಬೆಳಕಿನಲ್ಲಿ ಒಂದರ ಹಿಂದೊಂದು ಚಿತ್ರ ತೆಗೆದು, ಕಣ ಎಷ್ಟು ಸರಿದವು ಅನ್ನುವುದರಿಂದ ಹರಿವನ್ನು ಅಳೆಯುವ ವಿಧಾನ.

ತೀರ್ಥಹಳ್ಳಿ, ಹೊಸನಗರ ಕಡೆ ಮನೆ ಹಿಂದಿನ ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸುವುದು ನನ್ನ ಕೆಲಸ. ಶೆಡ್ ಇರುವುದು ಶಿವಮೊಗ್ಗದಲ್ಲಿ. ಟರ್ಬೈನಿನಿಂದ ನೀರು ಹೊರಹೋಗುವ ಕೊಳವೆಯ, ಅಂದರೆ ಡ್ರಾಫ್ಟ್ ಟ್ಯೂಬಿನ ತಿರುವಿನಲ್ಲಿ ಎಲ್ಲೋ ಶಕ್ತಿ ಸೋರಿಹೋಗುತ್ತಿದೆ ಅಂತ ಬಹಳ ದಿನದಿಂದ ಅನುಮಾನ ಇತ್ತು. ಅಕ್ರಿಲಿಕ್‌ನಲ್ಲಿ ಮಾದರಿ ಮಾಡಿದೆ, 200 ಲೀಟರ್ ನೀರು ಪಂಪಿನಲ್ಲಿ ಸುತ್ತುತ್ತದೆ. 532 ನ್ಯಾನೋಮೀಟರಿನ ಹಸಿರು ಲೇಸರ್, ಅದರ ಬೆಳಕನ್ನು ತೆಳು ಹಾಳೆಯ ಹಾಗೆ ಹರಡಲು ಒಂದು ಗಾಜಿನ ಕಡ್ಡಿ, ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್. ಲೆಕ್ಕಕ್ಕೆ ಓಪನ್‌ಪಿಐವಿ ಅನ್ನುವ ಉಚಿತ ಸಾಫ್ಟ್‌ವೇರ್. ಕನ್ನಡಕಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ, ನೀವೂ ಮಾಡಬೇಡಿ. ಅಗ್ಗದ ಹಸಿರು ಲೇಸರಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ ಹೊರಗೆ ಬರುತ್ತದೆ.

ಮೊದಲು ಎಲ್ಲರೂ ಹೇಳುವ ಹಾಗೆ 10 ಮೈಕ್ರಾನಿನ ಟೊಳ್ಳು ಗಾಜಿನ ಗುಂಡುಗಳನ್ನೇ ತರಿಸಿದೆ. ಸಾಗಣೆ, ತೆರಿಗೆ ಸೇರಿ 18 ಸಾವಿರದ ಹತ್ತಿರ ಹೋಯಿತು. ಬೆಳ್ಳಿ ಲೇಪನದ್ದು ಬೇಕು ಅಂದರೆ ಅದರ ಮೇಲೆ ಇನ್ನೂ ಜಾಸ್ತಿ. ಹಾಕಿ ನೋಡಿದರೆ ಫೋನಿನಲ್ಲಿ ಏನೂ ಕಾಣಲಿಲ್ಲ, ಬರೀ ಮಂಜು. ತಪ್ಪು ಗುಂಡಿನದ್ದಲ್ಲ. ಆ ಗುಂಡು ಕ್ಷಣಮಾತ್ರ ಜೋರಾಗಿ ಮಿಂಚುವ ಪಲ್ಸ್ ಲೇಸರ್ ಇರುವವರಿಗೆ ಸರಿ. ನನ್ನದು ಸುಮ್ನೆ ಉರಿಯುತ್ತಲೇ ಇರುವ ಲೇಸರ್, ಹೆಚ್ಚೆಂದರೆ 200 ಮಿಲಿವ್ಯಾಟ್. ಒಂದು ಫ್ರೇಮಿಗೆ ಸಿಗುವ ಬೆಳಕು ಅಷ್ಟರಲ್ಲೇ ಮುಗಿಯಿತು. ಚದುರುವ ಬೆಳಕು ಹೆಚ್ಚುಕಡಿಮೆ ವ್ಯಾಸದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ 50 ಮೈಕ್ರಾನಿನ ಕಣ 10ರದ್ದಕ್ಕಿಂತ 25 ಪಟ್ಟು ಹೊಳೆಯಬೇಕು. ಅಲ್ಲಿಂದ ನನ್ನ ಯೋಚನೆ ತಿರುಗಿತು. ದೊಡ್ಡ ಕಣವೇ ಬೇಕು, ಆದರೆ ತೂಕ ನೀರಿನಷ್ಟೇ ಇರಬೇಕು.

ಆಮೇಲೆ ಅಡುಗೆಮನೆ, ದೇವರ ಕೋಣೆ ಎಲ್ಲ ಜಾಲಾಡಿದೆ. ಹಾಲಿನ ಕಣ ತೀರಾ ಸಣ್ಣದು, ನೀರು ಬೆಳ್ಳಗಾಯಿತು, ಬೆಳಗಾಗುವಷ್ಟರಲ್ಲಿ ತೊಟ್ಟಿ ನಾತ. ರಂಗೋಲಿ ಪುಡಿ ಚೆನ್ನಾಗಿ ಹೊಳೆಯುತ್ತದೆ, ಆದರೆ ಕಲ್ಲು ಅಲ್ವಾ, 50 ಮೈಕ್ರಾನಿನದ್ದು ಸೆಕೆಂಡಿಗೆ 2 ಮಿಲಿಮೀಟರಿನಷ್ಟು ಇಳಿಯುತ್ತದೆ. ಅಕ್ಕಿಹಿಟ್ಟು ಮಾರನೇ ದಿನ ಹುಳಿ ಬಂತು. ಸಿಂಗಾರ ಕೊಡವಿ ಅಡಿಕೆ ಹೂವಿನ ಪರಾಗವನ್ನೂ ಹಾಕಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೇ ಅಳತೆಯ ಕಣಗಳು, ಎಷ್ಟು ಚಂದ! ಮೊದಲ ಅರ್ಧ ಗಂಟೆ ವೆಕ್ಟರ್, ಅಂದರೆ ಹರಿವಿನ ವೇಗ ಮತ್ತು ದಿಕ್ಕು ತೋರಿಸುವ ಬಾಣಗಳು ಕೂಡ ಅದ್ಭುತವಾಗಿ ಬಂದವು. ಆಮೇಲೆ ಪರಾಗದ ಕಣಗಳು ನೀರು ಕುಡಿದು ಉಬ್ಬಿ ಒಡೆದವು. ಅದರ ಮೇಲೆ ನನಗೆ ಈಗಲೂ ಆಸೆ ಇದೆ.

ಕೊನೆಗೆ ಸಿಕ್ಕಿದ್ದು ನೈಲಾನ್ 12. ಲೇಸರಿನಲ್ಲಿ ಪುಡಿ ಕರಗಿಸಿ ತ್ರೀಡಿ ಪ್ರಿಂಟ್ ಮಾಡುವವರು ಬಳಸುವ ಬಿಳಿ ಪುಡಿ. ನೀರಿಗಿಂತ ನೂರಕ್ಕೆ ಎರಡು ಮೂರು ಪಾಲು ಮಾತ್ರ ಭಾರ. ಅವರು ಒಮ್ಮೆ ಬಳಸಿ ಎಸೆಯುವ ಹಳೇ ಪುಡಿಯನ್ನೇ ಬೆಂಗಳೂರಿನಿಂದ ಬಸ್ಸಿಗೆ ಹಾಕಿಸಿದೆ. ಎರಡು ಕೆಜಿಗೆ 300 ರೂಪಾಯಿ, ಅದೂ ಬಸ್ಸಿನ ಲಗೇಜ್ ಖರ್ಚು.

ಹಾಗೇ ಹಾಕಿದರೆ ಆಗಲ್ಲ, ನೀರಿನ ಮೇಲೆ ಕೆನೆಯ ಹಾಗೆ ತೇಲುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕದಡಬೇಕು. ಎಷ್ಟು ಹನಿ, ಯಾವಾಗ ಅನ್ನುವುದನ್ನು ಹೇಳುವುದಿಲ್ಲ, ಅದಕ್ಕೆ ನಾನು ಒಂದು ತಿಂಗಳು ಕೊಟ್ಟಿದ್ದೇನೆ. ಆಮೇಲೆ ಬಕೆಟ್‌ನಲ್ಲಿ ಒಂದಡಿ ನೀರಿಗೆ ಕಲಸಿ ಬಿಟ್ಟೆ. ಅರ್ಧ ಗಂಟೆಯಲ್ಲಿ ತಳಕ್ಕೆ ಬಂದದ್ದು ದಪ್ಪ ಕಾಳು ಮತ್ತು ಗಂಟು, ಅದನ್ನು ಎಸೆದೆ. ಮೇಲಿನ ನೀರನ್ನು ಬೇರೆ ಬಕೆಟ್‌ಗೆ ಬಗ್ಗಿಸಿ ಮೂರು ಗಂಟೆ ಬಿಟ್ಟೆ. ಆಗ ಇಳಿದದ್ದೇ ನಮ್ಮ ಮಾಲು. ಇನ್ನೂ ತೇಲಾಡುತ್ತಿರುವ ಸಣ್ಣ ಧೂಳು ಚೆಲ್ಲಿಬಿಡಿ. ಹೀಗೆ ಮೂರು ಸಲ. ಮೊದಲು ಶೆಡ್ಡಿನಲ್ಲಿ ಮಾಡಿ ಹಾಳಾಯಿತು, ತಗಡು ಕಾದು ಬಕೆಟ್ಟಿನ ನೀರೇ ಒಳಗೊಳಗೆ ಸುತ್ತುತ್ತಿತ್ತು. ಊರಿನ ಮನೆಯ ಅಡಿಕೆ ಕೋಣೆಯಲ್ಲಿ, ರಾತ್ರಿ ಹೊತ್ತು ಮಾಡಿದೆ ನೋಡಿ, ಅಚ್ಚುಕಟ್ಟಾಗಿ ಬೇರೆಯಾಯಿತು.

ಹೀಗೆ ಆರಿಸಿದ ಕಣ ಸೆಕೆಂಡಿಗೆ 0.04 ಮಿಲಿಮೀಟರ್ ಇಳಿಯುತ್ತದೆ. ನನ್ನ ಹರಿವು ಸೆಕೆಂಡಿಗೆ 15 ಸೆಂಟಿಮೀಟರ್. ತಳ ಸೇರುತ್ತೆ ಅಂದವರಿಗೆ ಈ ಎರಡು ಅಂಕಿ ಸಾಕು. ಇಡೀ ತೊಟ್ಟಿಗೆ ಎಂಟು ಹತ್ತು ಗ್ರಾಂ ಹಾಕಿದರೆ ಲೆಕ್ಕಕ್ಕಾಗಿ ಚಿತ್ರವನ್ನು ಹೋಳು ಮಾಡುವ 32 ಪಿಕ್ಸೆಲ್ ಚೌಕದಲ್ಲಿ (ವಿಂಡೋ) ಎಂಟೋ ಹತ್ತೋ ಕಣ ಬರುತ್ತವೆ. ಜಾಸ್ತಿ ಹಾಕಿ ಎರಡು ವಾರ ಕಳೆದುಕೊಂಡಿದ್ದೇನೆ.

ಇಷ್ಟಾದರೂ ವೆಕ್ಟರ್‌ಗಳು ಪೂರ್ಣ ಪಿಕ್ಸೆಲ್ ಸಂಖ್ಯೆಗಳಿಗೇ ಅಂಟಿಕೊಂಡವು, ಪೀಕ್ ಲಾಕಿಂಗ್. ನನ್ನ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 0.1 ಮಿಲಿಮೀಟರ್, ಕಣ ಅದರ ಅರ್ಧ, ಹಾಗಾಗಿ ಚುಕ್ಕೆ ಒಂದೇ ಪಿಕ್ಸೆಲ್ಲಿನೊಳಗೆ ಕೂತುಬಿಡುತ್ತದೆ. ಫೋಕಸ್ಸನ್ನು ಕೂದಲೆಳೆಯಷ್ಟು ಕೆಡಿಸಿದೆ. ಚುಕ್ಕೆ ಎರಡು ಮೂರು ಪಿಕ್ಸೆಲ್‌ಗೆ ಹರಡಿತು, ವೆಕ್ಟರ್ ಸಂಖ್ಯೆಗಳ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಯವಾಯಿತು. ಗಾಳಿಗುಳ್ಳೆಯ ಕಾಟ ಬೇರೆ. ಬೋರಿನ ನೀರನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಟ್ಟರೆ ಮಾತ್ರ ಅದು ನಿಲ್ಲುತ್ತದೆ.

ಉಪ್ಪು ಹಾಕಿ ನೀರನ್ನೇ ನೈಲಾನಿನಷ್ಟು ಭಾರ ಮಾಡಬಹುದು, ಲೀಟರಿಗೆ 30 ಗ್ರಾಂ ಸಾಕು. ಆರು ಕೆಜಿ ಸುರಿದೆ, ಪಂಪಿನ ಇಂಪೆಲ್ಲರ್ ತುಕ್ಕು ಹಿಡಿಯಿತು, 1,400 ರೂಪಾಯಿ ದಂಡ. ಅಗತ್ಯವೇ ಇರಲಿಲ್ಲ. ನಡುವೆ ಅಡಿಕೆ ಡ್ರೈಯರಿನ ಗಾಳಿಯನ್ನೂ ನೋಡೋಣ ಅಂತ ಮದುವೆ ಮನೆಯ ಫಾಗ್ ಮಿಷನ್ ಬಾಡಿಗೆಗೆ ತಂದೆ. 60 ಡಿಗ್ರಿ ಶಾಖಕ್ಕೆ ಹನಿಗಳು ಒಳಗೆ ಹೋದ ಕೂಡಲೇ ಆವಿಯಾದವು. ಊದುಬತ್ತಿ ಹೊಗೆಯನ್ನು ಉದ್ದ ಪೈಪಿನಲ್ಲಿ ತಣಿಸಿ ಬಿಟ್ಟಾಗ ಸ್ವಲ್ಪ ಚಿತ್ರ ಸಿಕ್ಕಿತು. ಅದು ಇನ್ನೂ ನಡೆಯುತ್ತಿದೆ.

ಕಣ ಸರಿ ಇದೆಯಾ ಅಂತ ನೋಡಲು ಬಕೆಟ್ ಮತ್ತು ಸ್ಟಾಪ್‌ವಾಚ್ ಹಿಡಿದು ಹರಿವು ಅಳೆದೆ. ಪಿಐವಿ ಲೆಕ್ಕಕ್ಕೂ ಅದಕ್ಕೂ ನೂರಕ್ಕೆ ನಾಲ್ಕೈದರಷ್ಟೇ ವ್ಯತ್ಯಾಸ. ತಿರುವಿನ ಒಳಮಗ್ಗುಲಲ್ಲಿ ಅಂಗೈ ಅಗಲದ ಸುಳಿ ಸ್ಪಷ್ಟವಾಗಿ ಕಂಡಿತು. ತಿರುವನ್ನು ಸಡಿಲ ಮಾಡಿ ಹೊಸನಗರ ಕಡೆಯ ಒಂದು ಮನೆಯಲ್ಲಿ ಕೂರಿಸಿದೆವು. ಮೊದಲು 600 ವ್ಯಾಟ್ ಆಸುಪಾಸು ಬರುತ್ತಿತ್ತು, ಈಗ 680ರ ಮೇಲೇ ಇರುತ್ತದೆ. ತಳ ಸೇರುತ್ತೆ ಅಂದಿದ್ದ ಮೇಷ್ಟ್ರೊಬ್ಬರು ಕಳೆದ ತಿಂಗಳು ಶೆಡ್ಡಿಗೆ ಬಂದು, ಹುಡುಗರ ಪ್ರಾಜೆಕ್ಟಿಗೆ ಅಂತ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಪುಡಿ ತುಂಬಿಸಿಕೊಂಡು ಹೋದರು.