ವಿಸ್ಕಾನ್ಸಿನ್‌ನಲ್ಲಿ ಮರಸು ಕೂರಲು ಹೊರಟ ಮಲೆನಾಡಿನವರಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ತೋಟದಲ್ಲಿ ಈ ವಾರ ಕೊನೆಕೊಯ್ಲು ನಡೆಯುತ್ತಿದೆ. ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವಾಗಲೇ ಕೊನೆಗಾರರೊಬ್ಬರು ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರವನ್ನೇರಿ, ಕೆಳಗಿಳಿಯದೆಯೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಿದ್ದಾರೆ. 18 ವರ್ಷಗಳಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿರುವ ನಾನು ಊರಿಗೆ ಬಂದಾಗಲೆಲ್ಲ, ಓದಿಗೋ ಕೆಲಸಕ್ಕೋ ಅಲ್ಲಿಗೆ ಹೊರಟ ಹುಡುಗರು ಬಂದು ಮನೆ ಬಾಡಿಗೆ, ಕಾರು, ಚಳಿಯ ಬಟ್ಟೆಗಳ ಬಗ್ಗೆ ವಿಚಾರಿಸುವುದುಂಟು. ಈ ಸಲ ಬಂದ ಇಬ್ಬರು ಅಲ್ಲಿನ ಜಿಂಕೆ ಬೇಟೆಯ ಬಗ್ಗೆ ಕೇಳಿದರು. ಒಬ್ಬನಂತೂ, ‘ಮರ ಹತ್ತುವುದನ್ನು ನಮಗೆ ಯಾರು ಹೇಳಿಕೊಡಬೇಕು ಅಣ್ಣಾ?’ ಎಂದು ನಕ್ಕ. ಆ ನಗುವಿಗೆ ಉತ್ತರವಾಗಿ ಈ ಬರಹ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಅಪರಾಧ. ಅಟ್ಟಣೆ ಕಟ್ಟಿ ಮರಸು ಕೂರುವುದು, ಅಂದರೆ ಮರದ ಮೇಲೆ ಅಡಗಿ ಕುಳಿತು ಬೇಟೆಗಾಗಿ ಕಾಯುವುದು, ಈಗ ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ. ವಿಸ್ಕಾನ್ಸಿನ್‌ನಲ್ಲಿ ಅದೇ ಮರಸು ಪರವಾನಗಿ ಪಡೆದು, ಋತುವಿನ ಕಟ್ಟುಪಾಡಿನೊಳಗೆ ನಡೆಯುವ ಚಟುವಟಿಕೆ. 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿಯನ್ನು ಮುಗಿಸಿರಬೇಕು. ಕೋವಿಯ ಜಿಂಕೆ ಬೇಟೆ ನವೆಂಬರ್ ಕೊನೆಯ ಭಾಗದಲ್ಲಿ 9 ದಿನ ನಡೆಯುತ್ತದೆ. ಮರದ ಮೇಲೆ 15–20 ಅಡಿ ಎತ್ತರದಲ್ಲಿ ಕಟ್ಟುವ ಕಬ್ಬಿಣದ ಅಥವಾ ಅಲ್ಯುಮಿನಿಯಂ ಪೀಠಕ್ಕೆ ಅಲ್ಲಿ ಟ್ರೀ ಸ್ಟ್ಯಾಂಡ್ ಎನ್ನುತ್ತಾರೆ. ಅಲ್ಲಿಗೆ ಏರಿ ಇಳಿಯಲು ಯಾವ ಸಲಕರಣೆ ಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಅಲ್ಲಿಗೆ ಹೋದ ಮೂರನೆಯ ವರ್ಷ, ನವೆಂಬರ್ ತಿಂಗಳ ಒಂದು ಮುಂಜಾನೆ, ಇನ್ನೂ ಕತ್ತಲಿರುವಾಗಲೇ ಏಣಿ ಹತ್ತುತ್ತಿದ್ದೆ. ಬೀಳದಂತೆ ಮರಕ್ಕೆ ಬಿಗಿದುಕೊಳ್ಳುವ ಪಟ್ಟಿಗಳ ಕವಚ, ಹಾರ್ನೆಸ್, ಮೈಮೇಲಿತ್ತು, ಆದರೆ ಮೇಲೆ ತಲುಪಿದ ಮೇಲೆ ಮರಕ್ಕೆ ಸಿಕ್ಕಿಸಿಕೊಂಡರಾಯಿತು ಎಂದು ಅದರ ಕೊಂಡಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಬ್ಬನಿ ಹೆಪ್ಪುಗಟ್ಟಿತ್ತು. ಬಿದ್ದದ್ದು ಒಂದಾಳೆತ್ತರದಿಂದಷ್ಟೇ, ಅದೂ ಓಕ್ ಎಲೆಗಳ ರಾಶಿಯ ಮೇಲೆ. ಆದರೂ ಬಲಗೈ ಮಣಿಕಟ್ಟು ಮುರಿಯಿತು. ಮರಸು ಕೂತವರು ತೂಕಡಿಸಿ ಬೀಳುತ್ತಾರೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ಹೆಚ್ಚಿನವರು ಬೀಳುವುದು ಹತ್ತುವಾಗ, ಇಳಿಯುವಾಗ, ಏಣಿಯಿಂದ ಪೀಠಕ್ಕೆ ಕಾಲು ಬದಲಿಸುವಾಗ. ಹಾಗಾಗಿ ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವ ಗಳಿಗೆಯವರೆಗೆ ನಿಮ್ಮನ್ನು ಮರಕ್ಕೆ ಬಿಗಿದಿಡುವ ವ್ಯವಸ್ಥೆಗೆ ಮೊದಲು ಹಣ ಹಾಕಿ, ಉಳಿದದ್ದರಲ್ಲಿ ಸ್ಟ್ಯಾಂಡ್ ಕೊಳ್ಳಿ. ಅಂಗಡಿಯಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಹಾರ್ನೆಸ್ ಎಂದರೆ ಎರಡೂ ಭುಜ, ಎದೆ ಹಾಗೂ ಎರಡೂ ತೊಡೆಗಳನ್ನು ಸುತ್ತುವ, ಬೆನ್ನಿನ ಮೇಲ್ಭಾಗದಿಂದ ಮರಕ್ಕೆ ಸಂಪರ್ಕ ಪಟ್ಟಿಯಿರುವ ಪೂರ್ಣ ದೇಹದ ಕವಚ. ಸೊಂಟಕ್ಕೋ ಎದೆಗೋ ಮಾತ್ರ ಕಟ್ಟುವ ಹಳೆಯ ಕಾಲದ ಬೆಲ್ಟನ್ನು ಯಾರಾದರೂ ಪ್ರೀತಿಯಿಂದ ಉಚಿತವಾಗಿ ಕೊಟ್ಟರೂ ಬಳಸಬೇಡಿ. ಬಿದ್ದಾಗ ಅದು ಜಾರಿ ಎದೆಯನ್ನು ಒತ್ತಿ ಉಸಿರು ಕಟ್ಟಿಸಬಹುದು. ಟ್ರೀ ಸ್ಟ್ಯಾಂಡ್ ತಯಾರಕರ ಸಂಘವಾದ ಟಿಎಂಎಯ ಮಾನದಂಡದಂತೆ ಪರೀಕ್ಷಿಸಿದ ಗುರುತು ಚೀಟಿಯ ಮೇಲಿದೆಯೇ ಎಂದು ನೋಡಿ. ಅದೇ ಚೀಟಿಯಲ್ಲಿ ಭಾರದ ಮಿತಿಯೂ ಇರುತ್ತದೆ. ಬಹುಪಾಲು ಸಲಕರಣೆಗಳಲ್ಲಿ ಅದು 300 ಪೌಂಡ್, ಅಂದರೆ ಸುಮಾರು 136 ಕಿಲೋ. ನಿಮ್ಮ ಮೈತೂಕವೊಂದನ್ನೇ ಅದಕ್ಕೆ ಹೋಲಿಸಿದರೆ ಸಾಲದು. ಚಳಿಯ ಬಟ್ಟೆ, ಬೂಟು, ಚೀಲ, ಕೋವಿ ಅಥವಾ ಬಿಲ್ಲು ಎಲ್ಲವನ್ನೂ ಕೂಡಿ ಲೆಕ್ಕ ಹಾಕಬೇಕು. ತಯಾರಾದ ದಿನಾಂಕವನ್ನೂ ಓದಿ: ಪಟ್ಟಿಗಳ ಬಾಳಿಕೆ ಸಾಮಾನ್ಯವಾಗಿ 5 ವರ್ಷ, ಒಮ್ಮೆ ಬೀಳುವವರ ಭಾರ ಹೊತ್ತ ಹಾರ್ನೆಸ್‌ನ ಬಾಳಿಕೆ ಅಂದಿಗೇ ಮುಗಿಯಿತು. ಮನೆ ಮುಂದೆ ಹಳೆಯ ಸಾಮಾನು ಹರಡಿ ಮಾರುವ ಕಡೆಗಳಲ್ಲಿ ಮೇಜು, ಕುರ್ಚಿ, ಪಾತ್ರೆಗಳನ್ನು ಧಾರಾಳವಾಗಿ ಕೊಳ್ಳಿ, ನಾನೂ ಕೊಂಡಿದ್ದೇನೆ. ಹಾರ್ನೆಸ್ ಮಾತ್ರ ಅಲ್ಲಿ ಬೇಡ, ಏಕೆಂದರೆ ಅದು ಹಿಂದೆ ಏನನ್ನು ಕಂಡಿದೆಯೋ ನಿಮಗೆ ತಿಳಿಯದು.

ಅಂಗಡಿಯಲ್ಲಿ ಅದನ್ನು ತೆಳು ಅಂಗಿಯ ಮೇಲೆ ಹಾಕಿ ನೋಡಿ ಪ್ರಯೋಜನವಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಧರಿಸುವ ದಪ್ಪ ಬಟ್ಟೆಯ ಮೇಲೆ ಹಾಕಿ, ತೊಡೆಯ ಪಟ್ಟಿಗಳನ್ನು ಬಿಗಿದು, ಕೈಗವಸು ತೊಟ್ಟೇ ಕೊಂಡಿ ಹಾಕಿ ತೆಗೆಯಲು ಸಾಧ್ಯವೇ ಎಂದು ಪರೀಕ್ಷಿಸಿ. ಮನೆಗೆ ತಂದ ಮೇಲೆ ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಪಾದ ನೆಲದಿಂದ ಗೇಣುದ್ದ ಮೇಲಿರುವಂತೆ ಒಮ್ಮೆ ತೂಗಾಡಿ ನೋಡಿ. ನನ್ನ ಹೆಂಡತಿ ಅಂದು ನಕ್ಕ ನಗು ಇನ್ನೂ ನಿಂತಿಲ್ಲ. ಆದರೆ ಯಾವ ಪಟ್ಟಿ ಎಲ್ಲಿ ಕಚ್ಚುತ್ತದೆ ಎಂಬುದು ನನಗೆ ಅರ್ಥವಾದದ್ದು ಹಾಗೆಯೇ.

ಹಾರ್ನೆಸ್‌ನಷ್ಟೇ ಮುಖ್ಯವಾದ, ಆದರೆ ಹೊಸಬರು ಉಳಿತಾಯದ ಹೆಸರಿನಲ್ಲಿ ಬಿಟ್ಟುಬಿಡುವ ವಸ್ತುವೆಂದರೆ ಲೈಫ್‌ಲೈನ್. ಸುಮಾರು 30 ಅಡಿ ಉದ್ದದ ಈ ಹಗ್ಗದ ಮೇಲ್ತುದಿಯನ್ನು ಪೀಠದಲ್ಲಿ ಕುಳಿತವರ ತಲೆಗಿಂತ ಮೇಲೆ, ಕೆಳತುದಿಯನ್ನು ಮರದ ಬುಡದಲ್ಲಿ ಕಟ್ಟುತ್ತಾರೆ. ಅದರ ಮೇಲೆ ತೆಳುವಾದ ಇನ್ನೊಂದು ಹಗ್ಗದ ಕುಣಿಕೆಯನ್ನು ಹಲವು ಸುತ್ತು ಸುತ್ತಿ ಹಾಕಿದ ಪ್ರೂಸಿಕ್ ಗಂಟು ಇರುತ್ತದೆ. ನಿಮ್ಮ ಹಾರ್ನೆಸ್‌ನ ಕೊಂಡಿ ಸೇರುವುದು ಆ ಕುಣಿಕೆಗೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಈ ಗಂಟು, ಕೈಯಿಂದ ದೂಡಿದಾಗ ಸಲೀಸಾಗಿ ಜಾರುತ್ತದೆ, ಭಾರ ಬಿದ್ದೊಡನೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹತ್ತುತ್ತ ಗಂಟನ್ನು ಮೇಲಕ್ಕೆ, ಇಳಿಯುತ್ತ ಕೆಳಕ್ಕೆ ಸರಿಸುತ್ತ ಹೋದರೆ ಒಂದು ಕ್ಷಣವೂ ನೀವು ಮರದಿಂದ ಬೇರ್ಪಡುವುದಿಲ್ಲ. ಕುಳಿತ ಮೇಲೆ ಸಂಪರ್ಕ ಪಟ್ಟಿಯಲ್ಲಿ ಸಡಿಲ ಉಳಿಯಬಾರದು. ಸಡಿಲವಿದ್ದಷ್ಟೂ ಬೀಳುವ ದೂರ ಹೆಚ್ಚು, ಕೊನೆಯಲ್ಲಿ ಬೀಳುವ ಜಗ್ಗು ಅಷ್ಟೇ ಜೋರು.

ಈ ಹಗ್ಗವನ್ನು ಮೇಲೆ ಕಟ್ಟಲು ಮೊದಲ ಸಲ ಯಾರಾದರೂ ಹತ್ತಲೇಬೇಕಲ್ಲ? ಅದಕ್ಕಾಗಿ ಹಾರ್ನೆಸ್‌ನ ಸೊಂಟದ ಎರಡೂ ಬದಿಯ ಕುಣಿಕೆಗಳಿಂದ ಮರವನ್ನು ಸುತ್ತಿ ಬರುವ ಹಗ್ಗವೊಂದಿದೆ. ಮಳೆಗಾಲದಲ್ಲಿ ಕರೆಂಟು ಕಂಬ ಹತ್ತುವ ಲೈನ್‌ಮನ್‌ಗಳ ಸೊಂಟಪಟ್ಟಿಯ ಬಳಗದ್ದೇ ಇದು. ಅಲ್ಲಿ ಅದರ ಹೆಸರೂ ಲೈನ್‌ಮನ್ ಬೆಲ್ಟ್. ಎರಡೂ ಕೈಗಳನ್ನು ಕೆಲಸಕ್ಕೆ ಬಿಡಿಸಿಕೊಡುವ ಇದನ್ನು ಸ್ಟ್ಯಾಂಡ್ ಕಟ್ಟುವಾಗ ತಪ್ಪದೆ ಬಳಸಬೇಕು.

ಇನ್ನು ಸ್ಟ್ಯಾಂಡ್‌ಗಳು. ಹೊಸಬರಿಗೆ ನಾನು ಹೇಳುವುದು ಏಣಿಯ ಸ್ಟ್ಯಾಂಡ್. ಭಾರ ಹೆಚ್ಚು, ನಿಲ್ಲಿಸಲು ಮೂವರು ಬೇಕು, ಹೊತ್ತೊಯ್ಯುವುದು ತ್ರಾಸ. ಆದರೆ ಹತ್ತಲು ಸುಲಭ, ಪೀಠವೂ ವಿಶಾಲ. ನಮ್ಮವರಿಗೆ ತಟ್ಟನೆ ಮನಸ್ಸಾಗುವುದು ಕ್ಲೈಂಬರ್ ಎಂಬ ಬಗೆಯ ಮೇಲೆ. ಅದರಲ್ಲಿ ಮೇಲೊಂದು, ಕೆಳಗೊಂದು ಎಂದು ಎರಡು ಚೌಕಟ್ಟುಗಳಿದ್ದು, ಒಂದರ ಮೇಲೆ ಭಾರ ಹಾಕಿ ಇನ್ನೊಂದನ್ನು ಮೇಲೆತ್ತುತ್ತ ಏರಬೇಕು. ತಳೆಯಲ್ಲಿ ಹತ್ತುವುದನ್ನು ಕಂಡವರಿಗೆ ಅದರ ಲಯ ಒಂದೇ ದಿನಕ್ಕೆ ಹಿಡಿಯುತ್ತದೆ. ಅಪಾಯವೂ ಅಲ್ಲೇ ಇದೆ. ಕೊನೆಗಾರರ ಪಾದಕ್ಕೆ ಮರದ ಜಾರು ತಿಳಿಯುತ್ತದೆ, ಬೂಟು ತೊಟ್ಟು ಕಬ್ಬಿಣದ ಮೇಲೆ ನಿಂತ ನಮಗೆ ತಿಳಿಯುವುದಿಲ್ಲ. ಕೊಂಬೆಯಿಲ್ಲದ ನೇರ ಮರಕ್ಕಷ್ಟೇ ಕ್ಲೈಂಬರ್ ಸರಿ. ತೊಗಟೆ ಸುಲಿದು ಬರುವ, ತೀರ ನುಣುಪಾದ ಅಥವಾ ಹಿಮ ಹಿಡಿದ ಕಾಂಡಕ್ಕೆ ಬೇಡ. ಎರಡು ಚೌಕಟ್ಟುಗಳನ್ನು ಸೇರಿಸುವ ಹಗ್ಗವನ್ನು ಮರೆತರೆ, ಕಾಲಿನಿಂದ ಕಳಚಿದ ಕೆಳಗಿನದು ನೆಲ ಸೇರಿ, ನೀವು ಮೇಲಿನದರಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಮರಕ್ಕೆ ಪಟ್ಟಿಯಿಂದ ಬಿಗಿಯುವ ಚಿಕ್ಕ ಪೀಠಕ್ಕೆ ಬಿಡಿ ಮೆಟ್ಟಿಲುಗಳ ಅಗತ್ಯವಿದೆ. ಕೊನೆಯ ಮೆಟ್ಟಿಲನ್ನು ಪೀಠಕ್ಕಿಂತ ಮೇಲಿರುವಂತೆ ಕಟ್ಟಿ, ಪೀಠಕ್ಕೆ ಹತ್ತದೆ ಇಳಿಯಿರಿ. ಕಾಂಡಕ್ಕೆ ತಿರುಚಿ ಹೊಗಿಸುವ ಮೆಟ್ಟಿಲುಗಳಿಗೆ ಹಲವು ಸಾರ್ವಜನಿಕ ಕಾಡುಗಳಲ್ಲಿ ನಿಷೇಧವಿದೆ. ಪಟ್ಟಿಯಿಂದ ಕಟ್ಟುವಂಥವನ್ನೇ ಕೊಂಡರೆ ತಕರಾರಿಲ್ಲ.

ಸಲಕರಣೆ ಎಷ್ಟೇ ಒಳ್ಳೆಯದಿದ್ದರೂ ಮರ ಸತ್ತಿದ್ದರೆ ಫಲವಿಲ್ಲ. ಅಲ್ಲಿ ನೋಡಲು ನೇರವಾಗಿ, ಕೈಬೀಸಿ ಕರೆಯುವಂತೆ ನಿಂತಿರುವುದು ಆ್ಯಶ್ ಮರ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ ವಿಸ್ಕಾನ್ಸಿನ್‌ನಲ್ಲಿ 2008ರಲ್ಲಿ ಕಾಣಿಸಿಕೊಂಡ ಮೇಲೆ ಈ ಮರಗಳು ಒಳಗೊಳಗೇ ಒಣಗಿ, ಗಟ್ಟಿಯಾಗಿ ಕಂಡರೂ ಪಟ್ಟನೆ ಮುರಿಯುವಂತಾಗಿವೆ. ಮರದ ಗುರುತು ಸಿಗದಿದ್ದರೆ ಎಲೆ ಇರುವ ಬೇಸಿಗೆಯಲ್ಲೇ ಹೋಗಿ ಆರಿಸಿಟ್ಟುಕೊಳ್ಳಿ. ಓಕ್, ಮೇಪಲ್ ಜಾತಿಯ ಜೀವಂತ ಮರಗಳು ಒಳ್ಳೆಯವು.

ಕೋವಿಯನ್ನಾಗಲಿ ಬಿಲ್ಲನ್ನಾಗಲಿ ಹೆಗಲಿಗೇರಿಸಿ ಹತ್ತಬೇಡಿ. ಮೇಲೆ ಕುಳಿತು ಕೊಂಡಿ ಸಿಕ್ಕಿಸಿಕೊಂಡ ನಂತರ, ತೋಟಾ ತೆಗೆದ ಕೋವಿಯನ್ನು ನಳಿಗೆ ಕೆಳಮುಖವಾಗಿರುವಂತೆ ಹಗ್ಗದಿಂದ ಎಳೆದುಕೊಳ್ಳಿ.

ಹಾರ್ನೆಸ್ ಹಿಡಿದು ನಿಲ್ಲಿಸಿತು ಎಂದಾಕ್ಷಣ ಪಾರಾದಂತಲ್ಲ. ಅಲುಗಾಡದೆ ನೇತಾಡುತ್ತಿದ್ದರೆ ತೊಡೆಯ ಪಟ್ಟಿಗಳ ಒತ್ತಡಕ್ಕೆ ರಕ್ತ ಕಾಲಿನಲ್ಲೇ ತಂಗಿ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಹಾರ್ನೆಸ್‌ನೊಂದಿಗೆ ಬರುವ ಚಿಕ್ಕ ಪಟ್ಟಿಯನ್ನು ಕುಣಿಕೆ ಮಾಡಿ ಪಾದವಿಟ್ಟು ಎದ್ದುನಿಂತರೆ ಒತ್ತಡ ಇಳಿಯುತ್ತದೆ. ಅದಿಲ್ಲದಿದ್ದರೆ ಮರಕ್ಕೆ ಕಾಲೊತ್ತಿ ತಳ್ಳುತ್ತಿರಬೇಕು. ಫೋನು, ಸೀಟಿ ಎರಡೂ ಎದೆಯ ಜೇಬಿನಲ್ಲಿರಲಿ, ಬೆನ್ನಿನ ಚೀಲದಲ್ಲಿದ್ದರೆ ನೇತಾಡುವಾಗ ಕೈಗೆ ಸಿಗವು. ಯಾವ ಮರದಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ.

ಋತು ಮುಗಿದೊಡನೆ ಹಗ್ಗ, ಪಟ್ಟಿಗಳನ್ನೆಲ್ಲ ಬಿಚ್ಚಿ ತಂದು ಒಣಗಿಸಿ ನೆರಳಿನಲ್ಲಿ ತೂಗುಹಾಕಿ. ಮರದಲ್ಲೇ ಬಿಟ್ಟರೆ ಬಿಸಿಲಿಗೆ ಅವುಗಳ ಕಸುವು ಹೋಗುತ್ತದೆ, ಬೆಳೆಯುವ ಮರ ಜಗ್ಗಿ ಸಡಿಲಿಸುತ್ತದೆ, ಅಳಿಲುಗಳು ಕಡಿಯುತ್ತವೆ. ಹೋದ ವರ್ಷ ಒಂದು ಪಟ್ಟಿಯ ಹಿಂಬದಿಯನ್ನು ಅಳಿಲು ಅರ್ಧಕ್ಕಿಂತ ಹೆಚ್ಚು ಕಡಿದಿತ್ತು. ಏಣಿಯ ಬುಡದಲ್ಲಿ ನಿಂತು ನೋಡಿದಾಗ ಅದು ಹೊಸದರಂತೆಯೇ ಕಾಣುತ್ತಿತ್ತು.